ಇದು ಫಾಸಿಲ್ಲಾ, ಬರೀ ಕಲ್ಲಾ? ನಾನು ನೋಡುವ ಬಗೆ

ಯಾರಾದರೂ ಕಲ್ಲಿನ ಫೋಟೋ ಕಳಿಸಿ 'ಇದು ಫಾಸಿಲ್ಲಾ ನೋಡಿ' ಅಂದರೆ ನಾನು ಮೊದಲು ಕೇಳುವುದು ಒಂದೇ: ಎಲ್ಲಿ ಸಿಕ್ಕಿತು? ಬೆಂಗಳೂರಲ್ಲಿ ಪಾಯ ತೆಗೆಯುವಾಗ ಕೆಳಗಿನ ಬಂಡೆಯಿಂದಲೇ ಬಂದದ್ದಾದರೆ ಅರ್ಧ ಉತ್ತರ ಅಲ್ಲೇ ಸಿಕ್ಕ ಹಾಗೆ. ನಮ್ಮ ಊರು ಕೂತಿರುವುದು ನೈಸ್ ಅನ್ನುವ ಬಂಡೆಯ ಮೇಲೆ. ಲಾಲ್‌ಬಾಗ್ ಗುಡ್ಡ ಹತ್ತಿದವರೆಲ್ಲ ಅದನ್ನೇ ತುಳಿದಿದ್ದಾರೆ. ಸುಮಾರು 300 ಕೋಟಿ ವರ್ಷ ಹಳೆಯದು, ನೆಲದಾಳದ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಪೂರ್ತಿ ರೂಪ ಬದಲಾದ ಕಲ್ಲು. ಆಗ ಭೂಮಿಯಲ್ಲಿ ಇದ್ದದ್ದು ಸೂಕ್ಷ್ಮಜೀವಿಗಳು ಮಾತ್ರ. ಚಿಪ್ಪು, ಮೂಳೆ, ಮರ ಯಾವುದೂ ಇನ್ನೂ ಹುಟ್ಟಿರಲಿಲ್ಲ.

ಆದರೂ ಜನ ಜಾಸ್ತಿ ತರುವುದು ಇದೇ ಕಲ್ಲನ್ನು. ಕಪ್ಪು ಬಿಳಿ ಪಟ್ಟೆ ನೋಡಿ ಮರ ಕಲ್ಲಾಗಿದೆ ಅಂದುಕೊಳ್ಳುತ್ತಾರೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಲೆನ್ಸ್ ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಬಿಳಿ ಪಟ್ಟೆಯಲ್ಲಿ ಹರಳುಗಳು ಒತ್ತೊತ್ತಾಗಿ ಕಾಣುತ್ತವೆ, ಕಪ್ಪು ಪಟ್ಟೆಯಲ್ಲಿ ಅಭ್ರಕದ ಚೂರುಗಳು ಮಿರಮಿರ ಮಿಂಚುತ್ತವೆ. ಚೆನ್ನಾಗಿ ಉಳಿದ ಕಲ್ಮರದಲ್ಲಿ ಹೀಗಿರುವುದಿಲ್ಲ. ಅಡ್ಡ ಕೊಯ್ದ ಕಡೆ ಸಣ್ಣ ಸಣ್ಣ ಕೋಶಗಳ ಸಾಲು, ಉದ್ದಕ್ಕೆ ನಾರಿನ ಎಳೆ ಸಿಗುತ್ತದೆ. ನಿಜವಾದದ್ದು ನೋಡಬೇಕಂದರೆ ತಮಿಳುನಾಡಿನ ತಿರುವಕ್ಕರೈಗೆ ಹೋಗಿ, ದೊಡ್ಡ ದೊಡ್ಡ ಕಾಂಡಗಳೇ ಬಿದ್ದಿವೆ.

ಇನ್ನೊಂದು, ಕಲ್ಲಿನ ಮೇಲಿನ ಜರೀಗಿಡ. ಸುಣ್ಣಕಲ್ಲಿನ ಚಪ್ಪಡಿಗಳಲ್ಲಿ ಕೆಲವೊಮ್ಮೆ ಕಪ್ಪು ಎಲೆಯಂಥ ಚಿತ್ತಾರ ಇರುತ್ತದೆ, ಎಷ್ಟು ಚೆಂದ ಅಂದರೆ ಗಿಡ ಅಲ್ಲ ಅಂತ ಹೇಳುವುದಕ್ಕೇ ನನಗೆ ಬೇಜಾರು. ಬಿರುಕಿನೊಳಗೆ ನೀರು ಇಳಿದು ಮ್ಯಾಂಗನೀಸ್ ಬಿಟ್ಟುಹೋದ ಕಲೆ ಅದು, ಡೆಂಡ್ರೈಟ್ ಅನ್ನುತ್ತಾರೆ. ನಾನು ನಡುನರ ಹುಡುಕುತ್ತೇನೆ. ನಿಜವಾದ ಜರೀಗಿಡಕ್ಕೆ ನಡುವೆ ದಂಟು, ಎರಡೂ ಕಡೆ ಕ್ರಮವಾಗಿ ಚಿಕ್ಕದಾಗುತ್ತ ಹೋಗುವ ಎಲೆ, ಎಲೆಯೊಳಗೆ ನರ ಇರುತ್ತದೆ. ಡೆಂಡ್ರೈಟ್ ಬಿರುಕಿನ ಅಂಚಿಂದ ಶುರುವಾಗಿ ಮನಸ್ಸಿಗೆ ಬಂದ ಕಡೆ ಕವಲೊಡೆಯುತ್ತದೆ, ಅಷ್ಟೇ.

ಮೊಟ್ಟೆ ಅಂತ ತರುವ ಉರುಟು ಕಲ್ಲುಗಳಿಗೆ ಜಾಸ್ತಿ ಹೊತ್ತು ಬೇಡ. ಹೊರಗೆ ತೆಳು ಚಿಪ್ಪಿನ ಪದರ, ಅದರಲ್ಲಿ ಸೂಕ್ಷ್ಮ ರಂಧ್ರ ಇಲ್ಲದಿದ್ದರೆ ಬರೀ ಆಕಾರ ನೋಡಿ ಮೊಟ್ಟೆ ಅನ್ನುವ ಹಾಗಿಲ್ಲ. ವಿನೆಗರ್ ಹಾಕಿದರೆ ನೊರೆ ಬಂತು ಅನ್ನುವವರೂ ಇದ್ದಾರೆ. ಅದು ಸುಣ್ಣದ ಅಂಶ ಇದೆ ಅನ್ನುವುದನ್ನಷ್ಟೇ ಹೇಳುತ್ತದೆ.

ಆಕಾರ ಎಲ್ಲಿ ಬೇಕಾದರೂ ಸಿಗುತ್ತದೆ, ನಾನು ಹುಡುಕುವುದು ರಚನೆಯನ್ನು. ತಮಿಳುನಾಡಿನ ಅರಿಯಲೂರು ಕಡೆಯ ಕಾರೈಯಲ್ಲಿ ಸುಮಾರು 10 ಕೋಟಿ ವರ್ಷದ ಹಿಂದಿನ ಸಮುದ್ರದ ಅಮೊನೈಟ್ ಚಿಪ್ಪುಗಳಿವೆ, ಸುರುಳಿ ಚಿಪ್ಪಿನೊಳಗೆ ಬದುಕಿದ್ದ, ಈಗ ಅಳಿದುಹೋದ ಪ್ರಾಣಿಯವು. ಒಂದು ಚೂರಾದರೂ ಸಾಕು: ಏಣುಗಳ ನಡುವಿನ ಅಂತರ ಸುರುಳಿಯ ಜೊತೆಗೇ ಬೆಳೆಯುತ್ತ ಹೋಗುತ್ತದೆ, ಮೇಲ್ಪದರ ಸವೆದ ಕಡೆ ಚಿಪ್ಪಿನೊಳಗಿನ ಕೋಣೆಗಳ ಗೋಡೆಯ ಅಂಕುಡೊಂಕು ಗೆರೆ ಕಾಣುತ್ತದೆ. ಕಲ್ಲು ಸುಮ್ನೆ ಸವೆದರೆ ಇಂಥ ಲೆಕ್ಕ ಬರುವುದಿಲ್ಲ.

ತಜ್ಞರಿಗೂ ಇದು ಸುಲಭ ಅಲ್ಲ. ಮಧ್ಯಪ್ರದೇಶದ ಭೀಮ್‌ಬೆಟ್ಕಾ ಗುಹೆಯಲ್ಲಿ ಡಿಕಿನ್ಸೋನಿಯಾ ಅನ್ನುವ ಬಹಳ ಹಳೆಯ ಪ್ರಾಣಿಯ ಗುರುತು ಸಿಕ್ಕಿದೆ ಅಂತ 2021ರಲ್ಲಿ ಪ್ರಕಟವಾಯಿತು. ಬೇರೊಂದು ತಂಡ ಹೋಗಿ ನೋಡಿದರೆ ಅದು ಬಂಡೆಯಿಂದ ಕಿತ್ತು ಬರುತ್ತಿತ್ತು, ಹಳೆಯ ಹೆಜ್ಜೇನು ಗೂಡಿನ ಅವಶೇಷ ಅಂತ 2023ರಲ್ಲಿ ಬರೆದರು. ಅದಕ್ಕೇ ಬಂಡೆ ಮೇಲಿನ ಗುರುತಾದರೆ ನಾನು ಅಂಚನ್ನೇ ಜಾಸ್ತಿ ಹೊತ್ತು ನೋಡುವುದು: ಕಲ್ಲಿನ ಪದರದೊಳಗೆ ಹೋಗುತ್ತಾ, ಮೇಲೆ ಮೆತ್ತಿಕೊಂಡಿದೆಯಾ ಅಂತ. ಫೋಟೋ ಕಳಿಸುವವರು ದಯವಿಟ್ಟು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ತೆಗೆಯಿರಿ, ಪಕ್ಕದಲ್ಲಿ ಒಂದು ನಾಣ್ಯ ಇಡಿ, ಸಿಕ್ಕ ಜಾಗ ಬರೆಯಿರಿ.