ಒಮಾನಿನ ಮರಳುಗಾಡಿಗೆ ಹೊರಟಾಗ ನಾವು ಸಾಮಾನು ಕಟ್ಟಿಕೊಂಡ ಬಗೆ

ಮರಳುಗಾಡಿನ ದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ಸೆಕೆಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಸಾಮಾನು ಕಟ್ಟುತ್ತಾರೆ. ತೆಳು ಬಟ್ಟೆ, ಗಿಡ್ಡ ತೋಳಿನ ಅಂಗಿ, ಚಪ್ಪಲಿ, ಒಂದು ಟೋಪಿ ಇದ್ದರೆ ಸಾಕೆಂಬುದು ಅವರ ಲೆಕ್ಕ. ಮಂಗಳೂರಿನ ಕಡೆಯವರಾದ ನಮಗಂತೂ ಸೆಕೆಯೆಂದರೆ ಬೆವರು ಧಾರೆಯಾಗಿ ಇಳಿಯುವುದು, ಬಟ್ಟೆ ಮೈಗೆ ಅಂಟಿಕೊಳ್ಳುವುದು. ಒಮಾನಿನ ಒಳನಾಡಿನ ಸೆಕೆ ಆ ಜಾತಿಯದಲ್ಲ. ಅಲ್ಲಿನ ಒಣ ಗಾಳಿಯಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುವುದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂಬುದು ತಿಳಿಯುವುದೇ ಇಲ್ಲ. ಸೂರ್ಯ ಮುಳುಗಿದ ಮೇಲೆ ಮರಳು ಬೇಗನೆ ತಣ್ಣಗಾಗಿ ಅದೇ ಜಾಗದಲ್ಲಿ ನಡುಕ ಹುಟ್ಟುತ್ತದೆ. ಆದ್ದರಿಂದ ನಾನು ಪಟ್ಟಿ ಮಾಡಲು ಕುಳಿತಾಗ ಸೆಕೆಯನ್ನು ಬದಿಗಿಟ್ಟು, ಬಿಸಿಲು, ಒಣಗಾಳಿ, ರಾತ್ರಿಯ ಚಳಿ ಎಂಬ ಮೂರನ್ನು ಮುಂದಿಟ್ಟುಕೊಂಡು ಪ್ರತಿಯೊಂದು ವಸ್ತುವನ್ನೂ ತೂಗಿ ನೋಡಿದೆ.

ಮಸ್ಕತ್‌ನ ರೂವಿಯಲ್ಲಿ ನನ್ನ ತಮ್ಮ ಇದ್ದಾನೆ. ಡಿಸೆಂಬರ್ ಕೊನೆಗೆ ನಾನು, ನಮ್ಮ ಯಜಮಾನರು ಮತ್ತು ಅತ್ತೆ ಹೊರಟೆವು. ಮಸ್ಕತ್, ನಿಜ್ವಾ, ಜಬಲ್ ಶಮ್ಸ್ ಬೆಟ್ಟ, ವಹೀಬಾ ಮರಳುಗಾಡು, ವಾದಿ ಶಾಬ್ ಕಣಿವೆ ನೋಡುವುದೆಂದು ತೀರ್ಮಾನವಾಗಿತ್ತು. ಪ್ರವಾಸಕ್ಕೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕಾಲವೇ ಒಳ್ಳೆಯದು. 2018ರ ಜೂನ್‌ನಲ್ಲಿ ಮಸ್ಕತ್‌ನ ಆಗ್ನೇಯಕ್ಕಿರುವ ಕುರಿಯಾತ್ ಎಂಬ ಕರಾವಳಿಯ ಊರಿನಲ್ಲಿ ರಾತ್ರಿಯೂ ಸೇರಿದಂತೆ ಒಂದಿಡೀ ದಿನ ಉಷ್ಣಾಂಶ 42.6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲೇ ಇಲ್ಲ. ಅಂಥ ತಿಂಗಳಲ್ಲಿ ಹೋಗುವವರಿಗೆ ಏನು ಕಟ್ಟಿಕೊಳ್ಳಬೇಕೆಂದು ಹೇಳುವುದಕ್ಕಿಂತ ಹೋಗಬೇಡಿರೆಂದು ಹೇಳುವುದೇ ಸರಿ ಎಂದು ನನ್ನ ಅಭಿಪ್ರಾಯ. "ಅಕ್ಕ, ಬಟ್ಟೆ ಕಡಿಮೆ ತಗೊಂಡು ಬಾ, ಆದರೆ ಅತ್ತೆಯವರ ಸ್ವೆಟರ್ ಮಾತ್ರ ಮರೀಬೇಡ" ಎಂದು ತಮ್ಮ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಯಜಮಾನರು ನಕ್ಕಿದ್ದರು. ಸುಮಾರು 3,000 ಮೀಟರ್ ಎತ್ತರದ ಜಬಲ್ ಶಮ್ಸ್‌ನಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗೂ ಇಳಿಯುವುದುಂಟು. ನಕ್ಕಿದ್ದ ಯಜಮಾನರಿಗೇ ಅಲ್ಲಿ ಉಣ್ಣೆಯ ಟೋಪಿ ಬೇಕಾಯಿತು.

ಬಟ್ಟೆಯ ವಿಷಯದಲ್ಲಿ ನಾನು ಪಾಲಿಸಿದ ನಿಯಮ, ಮೈ ಹೆಚ್ಚು ಮುಚ್ಚಬೇಕು ಆದರೆ ಬಟ್ಟೆ ಮೈಗೆ ತಾಗಬಾರದು ಎಂಬುದು. ಪೂರ್ತಿ ತೋಳಿನ ಸಡಿಲವಾದ ಹತ್ತಿಯ ಕುರ್ತಾಗಳು, ಸಡಿಲ ಪೈಜಾಮ, ಅಗಲವಾದ ಹತ್ತಿಯ ದುಪಟ್ಟಾ ಇವಿಷ್ಟೇ ನನ್ನ ಹಗಲಿನ ಉಡುಪು. ಬಿಳಿ ಬಟ್ಟೆಯೇ ಆಗಬೇಕೆಂದು ಹಲವರು ಹೇಳುತ್ತಾರಾದರೂ ಬಣ್ಣಕ್ಕಿಂತ ಸಡಿಲತನ ಮುಖ್ಯ. ಮರಳುಗಾಡಿನ ಬೆದುಯಿನ್ ಜನ ಕಪ್ಪು ನಿಲುವಂಗಿ ತೊಡುವುದೇಕೆಂದು ಪರೀಕ್ಷಿಸಿದ ಒಂದು ಅಧ್ಯಯನ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಕಪ್ಪು ಬಟ್ಟೆ ಹೆಚ್ಚು ಬಿಸಿಲನ್ನು ಹೀರಿಕೊಂಡರೂ, ಸಡಿಲವಾಗಿರುವ ಕಾರಣ ಆ ಶಾಖ ಮೈಗೆ ತಲುಪುವ ಮೊದಲೇ ಗಾಳಿಯೊಡನೆ ಹೊರಟುಹೋಗುತ್ತದೆ, ಒಳಗಿರುವ ಮನುಷ್ಯನಿಗೆ ಕಪ್ಪಾದರೂ ಬಿಳಿಯಾದರೂ ತಟ್ಟುವ ಶಾಖ ಒಂದೇ ಎಂಬುದು ಅದರಲ್ಲಿ ಕಂಡುಬಂದದ್ದು. ಜೀನ್ಸ್ ಮಾತ್ರ ಯಾವ ಕಾರಣಕ್ಕೂ ಬೇಡ. ಬಿಗಿಯೂ ಹೌದು, ಭಾರವೂ ಹೌದು, ಹೊಲಿಗೆಯ ಸಂದುಗಳಲ್ಲಿ ಸೇರಿಕೊಂಡ ಮರಳು ಎಷ್ಟು ಕೊಡವಿದರೂ ಬಿಡುವುದಿಲ್ಲ.

ಹೀಗೆ ಮೈಮುಚ್ಚುವ ಉಡುಪಿನಿಂದ ಇನ್ನೊಂದು ಅನುಕೂಲವೂ ಆಯಿತು. ಮಸ್ಕತ್‌ನಲ್ಲಿ 2001ರಲ್ಲಿ ತೆರೆದ ಸುಲ್ತಾನ್ ಖಾಬೂಸ್ ಮಹಾ ಮಸೀದಿಗೆ ಮುಸ್ಲಿಮೇತರರನ್ನು ಶುಕ್ರವಾರ ಬಿಟ್ಟು ಉಳಿದ ದಿನಗಳ ಬೆಳಗಿನ ಹೊತ್ತು ಒಳಗೆ ಬಿಡುತ್ತಾರೆ. ಹೆಂಗಸರು ತಲೆಗೂದಲು, ಮಣಿಕಟ್ಟಿನವರೆಗೆ ಕೈ, ಹರಡಿನವರೆಗೆ ಕಾಲು ಮುಚ್ಚಿರಬೇಕು. ನನಗೆ ಅದಕ್ಕೆಂದು ಬೇರೆ ಬಟ್ಟೆ ಹುಡುಕಬೇಕಾಗಲಿಲ್ಲ.

ಇಡೀ ಸಾಮಾನಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ನಮ್ಮೂರಿನ ಬೈರಾಸು. ತೆಳುವಾಗಿ ನೇಯ್ದ ಹತ್ತಿಯ ಈ ಟವೆಲು ಮಡಚಿದರೆ ಅಂಗೈಯಷ್ಟಾಗುತ್ತದೆ, ಒದ್ದೆಯಾದರೆ ಒಮಾನಿನ ಗಾಳಿಯಲ್ಲಿ ನೋಡನೋಡುತ್ತಿದ್ದಂತೆ ಒಣಗುತ್ತದೆ. ದಿಬ್ಬದ ಮೇಲೆ ಗಾಳಿ ಎದ್ದಾಗ ಅದನ್ನು ಮೂಗು-ಬಾಯಿಗೆ ಸುತ್ತಿಕೊಂಡೆವು. ನಡುಹಗಲಿನಲ್ಲಿ ನೀರಿಗೆ ಅದ್ದಿ ಹಿಂಡಿ ಕತ್ತಿನ ಹಿಂಭಾಗದಲ್ಲಿ ಹಾಕಿಕೊಂಡರೆ ಆ ಒಣಗಾಳಿಯೇ ಅದನ್ನು ತಂಪಾಗಿಸುತ್ತಿತ್ತು. ಹೊಸದನ್ನು ಒಯ್ಯಬೇಡಿ, ನಾಲ್ಕಾರು ಸಲ ಒಗೆದು ಗಂಜಿ ಹೋದದ್ದೇ ಮೃದುವಾಗಿ ಸುತ್ತಿಕೊಳ್ಳುತ್ತದೆ. ಒಮಾನಿನ ಗಂಡಸರು ತಲೆಗೆ ಸುತ್ತುವ ಮಸ್ಸರ್ ನೋಡಿ ಯಜಮಾನರು ನಿಜ್ವಾ ಮಾರುಕಟ್ಟೆಯಲ್ಲಿ ಒಂದನ್ನು ಕೊಂಡರು. ಆದರೆ ಬಿಸಿಲಿಗೆ ಅವರು ಸುತ್ತಿಕೊಂಡದ್ದು ಬೈರಾಸನ್ನೇ.

ಸನ್‌ಸ್ಕ್ರೀನ್ ಕ್ರೀಮನ್ನು ಊರಿನಲ್ಲಿ ನಾನು ಹಚ್ಚುವವಳಲ್ಲ, ಅಲ್ಲಿ ಬಿಡಲಿಲ್ಲ. ಒಣ ಮರಳು ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳಲ್ಲಿ ಶೇಕಡಾ 15ರಷ್ಟನ್ನು ಮೇಲಕ್ಕೆ ಹಿಂತಿರುಗಿಸುವುದರಿಂದ ಎಷ್ಟೇ ಅಗಲದ ಟೋಪಿ ಹಾಕಿದರೂ ಗಲ್ಲದ ಕೆಳಭಾಗ ಮತ್ತು ಮೂಗಿನ ತಳ ಸುಡುತ್ತವೆ. ಹಚ್ಚುವಾಗ ಎಲ್ಲರೂ ಮರೆಯುವ ಜಾಗಗಳೂ ಅವೇ. ಎಸ್‌ಪಿಎಫ್ 30 ಇದ್ದರೆ ಸಾಕು, ದುಬಾರಿಯದೇ ಬೇಕಿಲ್ಲ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು ಅಷ್ಟೆ. ತುಟಿಗೆ ಲಿಪ್ ಬಾಮ್ ಇತ್ತು. ಮೂಗಿನ ಒಳಭಾಗ ಒಣಗಿ ಉರಿಯುವುದಕ್ಕೆ ಅತ್ತೆ ತಂದಿದ್ದ ಚಿಕ್ಕ ಶೀಸೆಯ ತೆಂಗಿನೆಣ್ಣೆಯ ಒಂದು ಹನಿಯೇ ನಮ್ಮೆಲ್ಲರಿಗೂ ಮದ್ದಾಯಿತು.

ನೀರನ್ನು ಊರಿನಿಂದ ಒಯ್ಯುವ ಮಾತಿಲ್ಲ, ಆದರೆ ಒಯ್ಯಬೇಕಾದದ್ದು ಓಆರ್‌ಎಸ್, ಅಂದರೆ ಮೈಯಿಂದ ಹೋದ ನೀರು-ಉಪ್ಪನ್ನು ತುಂಬಿಕೊಡುವ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದ 20.5 ಗ್ರಾಂ ಪುಡಿಯನ್ನು ಸರಿಯಾಗಿ ಒಂದು ಲೀಟರ್ ನೀರಿಗೆ ಬೆರೆಸಬೇಕು; ಅರ್ಧ ಪೊಟ್ಟಣವನ್ನು ಅಂದಾಜಿನಲ್ಲಿ ಲೋಟಕ್ಕೆ ಸುರಿಯುವ ಅಭ್ಯಾಸ ಒಳ್ಳೆಯದಲ್ಲ. ಅದಕ್ಕಾಗಿಯೇ ಒಂದು ಲೀಟರಿನ ಗುರುತಿದ್ದ ಬಾಟಲಿಯನ್ನು ಇಟ್ಟುಕೊಂಡಿದ್ದೆ. ಕಾರಿನಲ್ಲಿ ತಲೆಗೆ ದಿನಕ್ಕೆ ಐದು ಲೀಟರಿನಂತೆ ನೀರು ತುಂಬಿಸಿದ್ದೆವು. ಬಾಯಾರಿಕೆಯಾಗಲಿ ಎಂದು ಕಾಯದೆ, ಮೂತ್ರದ ಬಣ್ಣ ಗಾಢವಾಗದಂತೆ ನೋಡಿಕೊಳ್ಳುವುದೇ ನಮ್ಮ ಅಳತೆಯಾಗಿತ್ತು. ಅಲ್ಲಿನ ಅಂಗಡಿಗಳಲ್ಲೆಲ್ಲ ಸಿಗುವ ಲಬನ್ ನಮ್ಮ ಮಜ್ಜಿಗೆಯ ಸೋದರಸಂಬಂಧಿ. ಉಪ್ಪು, ಸ್ವಲ್ಪ ಶುಂಠಿ ಸೇರಿಸಿ ಅತ್ತೆ ಅದರಲ್ಲೇ ಮಧ್ಯಾಹ್ನಗಳನ್ನು ಕಳೆದರು.

ಅತ್ತೆಯವರಿಗೆ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇರುವುದರಿಂದ ಔಷಧಿಯ ಚೀಲಕ್ಕೆ ನಾನು ಹೆಚ್ಚು ಹೊತ್ತು ಕೊಟ್ಟೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ದೇಹದ ನೀರನ್ನು ಇಳಿಸುತ್ತವೆ, ಓಆರ್‌ಎಸ್‌ನಲ್ಲಿ ಉಪ್ಪು ಇರುತ್ತದೆ. ಇವೆರಡರ ಬಗೆಗೂ ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಂಡಿದ್ದೆವು. ಇನ್ಸುಲಿನ್ನನ್ನು ಚೆಕ್-ಇನ್ ಸಾಮಾನಿನಲ್ಲಿ ಇಡಬಾರದು, ವಿಮಾನದ ಹೊಟ್ಟೆಯಲ್ಲಿ ಅದು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಕೈಚೀಲದಲ್ಲೇ ಇರಲಿ. ನೀರಿನಲ್ಲಿ ನೆನೆಸಿದರೆ ಒಳಗಿನ ಹರಳುಗಳು ಉಬ್ಬಿ, ನೀರು ಆರುತ್ತಾ ತಂಪು ಕೊಡುವ ಒಂದು ಬಗೆಯ ಬಟ್ಟೆಚೀಲ ಇನ್ಸುಲಿನ್‌ಗೆಂದೇ ಸಿಗುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಅದು ಅಷ್ಟಕ್ಕಷ್ಟೆ. ಒಮಾನಿನ ಒಳನಾಡಿನಲ್ಲಿ ಐಸ್ ಇಲ್ಲದೆ, ವಿದ್ಯುತ್ ಇಲ್ಲದೆ ಚೀಲ ಮುಟ್ಟಿದರೆ ತಣ್ಣಗೆ ಹತ್ತುತ್ತಿತ್ತು. ಅದನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿಡದೆ ಗಾಳಿಯಾಡುವಂತೆ, ನೆರಳಿನಲ್ಲಿ ತೂಗುಹಾಕಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಔಷಧಿಯನ್ನಾಗಲಿ ಪವರ್ ಬ್ಯಾಂಕನ್ನಾಗಲಿ ಬಿಡಲೇಬಾರದು.

ಕೊಲ್ಲಿ ದೇಶಗಳಲ್ಲಿ ಔಷಧಿಯ ಕಾನೂನು ಬಿಗಿಯಾಗಿದೆ. ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಟ್ರಮಡಾಲ್ ಇರುವ ನೋವಿನ ಮಾತ್ರೆ ನಮ್ಮಲ್ಲಿ ಚೀಟಿ ಬರೆಸಿದರೆ ಸಿಗುವಂಥವಾದರೂ ಅಲ್ಲಿ ನಿಯಂತ್ರಿತ ವಸ್ತುಗಳು. ಎಲ್ಲ ಮಾತ್ರೆಗಳನ್ನೂ ಮೂಲ ಸ್ಟ್ರಿಪ್ಪಿನಲ್ಲೇ ಇಟ್ಟು, ಔಷಧಿಯ ರಾಸಾಯನಿಕ ಹೆಸರಿರುವ ಇಂಗ್ಲಿಷ್ ಚೀಟಿಯನ್ನು ಜೊತೆಗೆ ಒಯ್ದೆವು. ಮಸಾಲೆಯ ಡಬ್ಬಿಯಿಂದ ಗಸಗಸೆಯನ್ನು ನಾನೇ ತೆಗೆದಿರಿಸಿದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಅದು ನಿಷಿದ್ಧ, ದುಬೈ ಮೂಲಕ ಹೋಗಿ ಬರುವವರಂತೂ ಪಾಯಸದ ಆಸೆಗೆ ಬೀಳಬಾರದು.

ಪಾದರಕ್ಷೆಯಲ್ಲಿ ಎರಡು ಬಗೆ ಬೇಕು. ವಹೀಬಾದ ದಿಬ್ಬಗಳಲ್ಲಿ ಹರಡು ಮುಚ್ಚುವ ಕ್ಯಾನ್ವಾಸ್ ಬೂಟು, ದಪ್ಪ ಹತ್ತಿಯ ಕಾಲುಚೀಲ. ತೆರೆದ ಚಪ್ಪಲಿಯಲ್ಲಿ ಮಧ್ಯಾಹ್ನದ ಮರಳು ಕಾಲನ್ನು ಸುಡುತ್ತದೆ. ವಾದಿ ಶಾಬ್‌ನಲ್ಲಿ ಮೊದಲು ದೋಣಿಯಲ್ಲಿ ದಾಟಿ, ಕಲ್ಲುದಾರಿಯಲ್ಲಿ ನಡೆದು, ಕೊನೆಗೆ ಹೊಂಡಗಳಲ್ಲಿ ಈಜಿ ಗುಹೆಯೊಳಗಿನ ಜಲಪಾತಕ್ಕೆ ಹೋಗಬೇಕು. ಅಲ್ಲಿ ಬೇಕಾದದ್ದು ನೀರಿನಲ್ಲೂ ಜಾರದ ರಬ್ಬರ್ ಅಟ್ಟೆಯ ಬೂಟು ಮತ್ತು ಫೋನಿಗೊಂದು ನೀರು ನುಗ್ಗದ ಚೀಲ. ಬೆಟ್ಟದಲ್ಲಿ ಮಳೆಯ ಸೂಚನೆಯಿದ್ದ ದಿನ ಯಾವ ವಾದಿಗೂ, ಅಂದರೆ ಕಣಿವೆಗೂ, ಇಳಿಯಬಾರದು. ಆಕಾಶ ತಿಳಿಯಾಗಿದ್ದರೂ ಮೇಲಿನಿಂದ ದಿಢೀರನೆ ನೀರು ಬರುತ್ತದೆ.

ಕಾರಿನ ಸಾಮಾನೂ ನಮ್ಮ ಸಾಮಾನೇ. ಮರಳಿಗೆ ಇಳಿಯುವ ಮೊದಲು ಟಯರಿನ ಗಾಳಿಯನ್ನು ಅರ್ಧದಷ್ಟು ಇಳಿಸುತ್ತಾರೆ. ಹಾಗೆ ಮಾಡಿದರೆ ಟಯರು ಅಗಲವಾಗಿ ಹರಡಿಕೊಂಡು ಹೂತುಹೋಗುವುದಿಲ್ಲ. ಬಿದಿಯಾ ಊರಿನ ಟಯರ್ ಅಂಗಡಿಗಳಲ್ಲಿ ಇದು ದಿನನಿತ್ಯದ ಕೆಲಸ. ಆದರೂ ಗಾಳಿ ಅಳೆಯುವ ಮೀಟರು, ಕಾರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರು, ಸಲಿಕೆ, ಎಳೆಯುವ ಹಗ್ಗ ಇರಲೇಬೇಕೆಂದು ತಮ್ಮ ಹಟ ಹಿಡಿದ. ಒಂಟಿ ಗಾಡಿಯಲ್ಲಿ ದಿಬ್ಬಕ್ಕೆ ಹೋಗಲು ಅವನು ಒಪ್ಪಲೇ ಇಲ್ಲ, ಅವನ ಗೆಳೆಯರ ಗಾಡಿಯೂ ಜೊತೆಗೆ ಬಂತು.

ಉಳಿದವು ಚಿಲ್ಲರೆ. ಒಮಾನಿನ ಪ್ಲಗ್ಗು ಚೌಕ ಕಡ್ಡಿಗಳ ಮೂರು ಪಿನ್ನಿನದು, ಒಂದು ಅಡಾಪ್ಟರಿಗೆ ಮನೆಯ ಎಕ್ಸ್‌ಟೆನ್ಶನ್ ಬೋರ್ಡು ಸೇರಿಸಿದರೆ ಎಲ್ಲರ ಫೋನೂ ಚಾರ್ಜ್ ಆಗುತ್ತದೆ. 20,000 ಎಂಎಎಚ್‌ನ ಪವರ್ ಬ್ಯಾಂಕ್ ವಿಮಾನದಲ್ಲಿ ಒಯ್ಯಲು ಇರುವ 100 ವಾಟ್-ಅವರ್‌ನ ಮಿತಿಯೊಳಗೇ ಇರುತ್ತದೆ, ಅದು ಕೈಚೀಲದಲ್ಲಿರಬೇಕು. ಕ್ಯಾಮೆರಾದ ಲೆನ್ಸನ್ನು ಮರಳಿನಲ್ಲಿ ಬದಲಾಯಿಸಬಾರದು. ಕನ್ನಡಕಕ್ಕೆ ಕೂತ ಮರಳನ್ನು ಒರೆಸದೆ ನೀರಿನಲ್ಲಿ ತೊಳೆಯಬೇಕು, ಒರೆಸಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಡ್ರೋನಿಗೆ ಅನುಮತಿ ಬೇಕಾದ್ದರಿಂದ ಅದನ್ನು ಮನೆಯಲ್ಲೇ ಬಿಟ್ಟೆವು.

ಬಟ್ಟೆ ಕಡಿಮೆ ಒಯ್ದ ಕಾರಣ ಮರಳುವಾಗ ಸೂಟ್‌ಕೇಸಿನಲ್ಲಿ ಜಾಗ ಉಳಿದಿತ್ತು. ಖರ್ಜೂರ, ಒಮಾನಿ ಹಲ್ವಾ, ಧೋಫಾರ್ ಪ್ರಾಂತ್ಯದ ಲೋಬಾನ ಅದರಲ್ಲಿ ಹಿಡಿದವು. ಜಬಲ್ ಅಖ್ದರ್ ಬೆಟ್ಟದ ಪನ್ನೀರು ಕೊಳ್ಳುವವರು ಬಾಟಲಿ 100 ಮಿಲಿಲೀಟರಿಗಿಂತ ದೊಡ್ಡದಾಗಿದ್ದರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಸಾಮಾನಿಗೇ ಹಾಕಬೇಕು.