ಆಲೆಮನೆಗೆ ದುಡಿಯಲು ಬಂದವರನ್ನು ಜೋಪಾನ ಮಾಡುವುದು ಹೇಗೆ?

ಮಂಡ್ಯದ ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರದಿಂದ ಬಂದವರು ತುಂಬಾ ಜನ ಇದ್ದಾರೆ, ಅಲ್ವಾ? ಕೆಲವು ಕಡೆ ಕೊಪ್ಪರಿಗೆ ಪಕ್ಕದಲ್ಲೇ ಅವರ ಹಾಸಿಗೆ, ಮಕ್ಕಳ ಆಟವೂ ಅಲ್ಲೇ. ಮೊದಲು ಆ ಜಾಗ ಬದಲಾಯಿಸಿ.

ಪಾಕ ಸಿಡಿದು ಕೈ ಸುಟ್ಟರೆ ಇಂಕು, ಪೇಸ್ಟು ಹಚ್ಚಬೇಡಿ. ಬಳೆ, ಉಂಗುರ ತೆಗೆದು, ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿದು, ಆಮೇಲೆ ಶುಭ್ರ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಲೆಗೆ ರಚ್ಚು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ಸಾಕು. ಹಳೇ ಟೈರು ಉರಿಸಿದರೆ ಆ ಹೊಗೆ ಒಲೆ ಮುಂದೆ ಕೂತವನ ಎದೆಗೇ ಇಳಿಯುತ್ತದೆ.

ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ನಡೆಸಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಆ ನಂಬರ್, ನಿಮ್ಮ ಊರಿನ ಹೆಸರು ಎರಡನ್ನೂ ಹಿಂದಿಯಲ್ಲಿ ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ರಾತ್ರಿ ನೀವು ಅಲ್ಲಿರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ.