ಸ್ಪೋರ್ಟ್ಸ್ ಕಾರಿಗೆ ಹೊಸ ವೀಲ್ ಹಾಕುವ ಮೊದಲು ಟೇಪ್ ಹಿಡಿಯಿರಿ

ಶೋರೂಮಿನ ಗೋಡೆಯಲ್ಲಿ ತೂಗುಹಾಕಿದ ಅಲಾಯ್ ನೋಡಿ 'ಇದೇ ಹಾಕಿ' ಅನ್ನಬೇಡಿ ಮಾರಾಯ್ರೆ. ಚಂದ ಆಮೇಲೆ, ಅಳತೆ ಮೊದಲು.

ವೀಲ್ ಕಾರಿನ ಹಬ್ಬಿಗೆ, ಅಂದರೆ ವೀಲನ್ನು ಬೋಲ್ಟ್ ಮಾಡುವ ನಡುಭಾಗಕ್ಕೆ, ಕೂರುತ್ತದಾ ನೋಡಿ. ಬೋಲ್ಟ್‌ಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸವೇ ಪಿಸಿಡಿ. ಮಸ್ಟಾಂಗ್‌ಗೆ 5x114.3 (ಐದು ಬೋಲ್ಟ್, 114.3 ಮಿ.ಮೀ. ವೃತ್ತ), ಪೋರ್ಷೆ 911ಕ್ಕೆ 5x130. ಇದರಲ್ಲಿ ರಾಜಿ ಇಲ್ಲ. ವೀಲಿನ ನಡುವಿನ ತೂತು ಹಬ್ಬಿಗಿಂತ ದೊಡ್ಡದಿದ್ದರೆ ಸರಿಯಾದ ಅಳತೆಯ ರಿಂಗ್ ಹಾಕಿಸಿ, ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು.

ಇನ್ನು ಆಫ್‌ಸೆಟ್. ಜಾಸ್ತಿ ಜನ ಎಡವುವುದು ಇಲ್ಲಿಯೇ. ವೀಲಿನ ಅಗಲದ ನಟ್ಟನಡುವಿನಿಂದ ಹಬ್ಬಿಗೆ ತಾಗುವ ಮುಖ ಎಷ್ಟು ಮಿ.ಮೀ. ದೂರ ಇದೆ ಅನ್ನುವುದೇ ಆಫ್‌ಸೆಟ್. ಅದು 45 ಮಿ.ಮೀ. ಆದರೆ ವೀಲಿನ ಮೇಲೆ ಇಟಿ45 ಅಂತ ಕೆತ್ತಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ವೀಲ್ ಹೊರಗೆ ಬರುತ್ತದೆ.

ಒಂದು ಲೆಕ್ಕ ಹಾಕೋಣ. ಈಗ ಇರುವುದು 7.5 ಇಂಚು ಅಗಲ, ಇಟಿ45. ನಿಮಗೆ ಇಷ್ಟವಾದದ್ದು 8.5 ಇಂಚು, ಇಟಿ35. ಅಗಲ ಒಂದು ಇಂಚು ಹೆಚ್ಚಾದ್ದರಿಂದ ಎರಡೂ ಬದಿಗೆ 12.7 ಮಿ.ಮೀ. ಸೇರಿತು, ಆಫ್‌ಸೆಟ್ 10 ಕಡಿಮೆಯಾದ್ದರಿಂದ ಇಡೀ ವೀಲ್ 10 ಮಿ.ಮೀ. ಹೊರಗೆ ಸರಿಯಿತು. ಹೊರ ಅಂಚು 22.7 ಮಿ.ಮೀ. ಹೊರಗೆ, ಒಳ ಅಂಚು ಬರೀ 2.7 ಮಿ.ಮೀ. ಒಳಗೆ. ಫೆಂಡರಿನವರೆಗೆ ಅಷ್ಟು ಜಾಗ ಇದೆಯಾ? ಒಳಗಡೆ ಸಸ್ಪೆನ್ಶನ್ನಿನ ಕಂಬಕ್ಕೆ (ಸ್ಟ್ರಟ್) ತಾಗುವುದಿಲ್ವಾ? ಈಗಿನ ಟಯರಿನಿಂದ ಎರಡೂ ಕಡೆ ಅಳೆದು ಬರೆದಿಟ್ಟುಕೊಳ್ಳಿ. ಮೂಲ ಆಫ್‌ಸೆಟ್‌ನಿಂದ ತುಂಬ ದೂರ ಹೋದರೆ ಬೇರಿಂಗಿಗೆ ಹೊರೆ, ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಯಿಂದ ಎಳೆದ ಹಾಗೆ ಆಗುತ್ತದೆ. ಹಬ್ಬಿಗೂ ವೀಲಿಗೂ ನಡುವೆ ಬಿಲ್ಲೆ (ಸ್ಪೇಸರ್) ಹಾಕಿ ಸರಿಮಾಡುವ ಯೋಚನೆ ಬಿಡಿ, ಸರಿಯಾದ ಆಫ್‌ಸೆಟ್ಟಿನ ವೀಲನ್ನೇ ಹುಡುಕಿ.

ಟಯರಿಗೆ ಬರೋಣ. ಟಯರಿನ ಮೇಲಿನ 225/45 ಆರ್17 ಅಂದರೆ ಅಗಲ 225 ಮಿ.ಮೀ., ಬದಿಯ ಗೋಡೆಯ (ಸೈಡ್‌ವಾಲ್) ಎತ್ತರ ಆ ಅಗಲದ ಶೇ. 45, ರಿಮ್ 17 ಇಂಚು. 225/45 ಆರ್17ರ ಒಟ್ಟು ವ್ಯಾಸ ಸುಮಾರು 634 ಮಿ.ಮೀ., 225/40 ಆರ್18ದು 637. ಇಷ್ಟು ಹತ್ತಿರ ಇದ್ದರೆ ಸ್ಪೀಡೋಮೀಟರ್ ಲೆಕ್ಕ ತಪ್ಪುವುದಿಲ್ಲ. ಆದರೆ ಸೈಡ್‌ವಾಲ್ 101ರಿಂದ 90 ಮಿ.ಮೀ.ಗೆ ಇಳಿಯಿತು, ಅಲ್ವಾ? ಗುಂಡಿಗೆ ಇಳಿದಾಗ ರಿಮ್ಮನ್ನು ಕಾಪಾಡುವುದು ಆ ರಬ್ಬರೇ. ಟಯರ್ ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಲೋಡ್ ಇಂಡೆಕ್ಸ್ ಮೂಲಕ್ಕಿಂತ ಕೆಳಗಿಳಿಯಬಾರದು: 91 ಅಂದರೆ ಒಂದು ಟಯರಿಗೆ 615 ಕಿಲೋ.

ನಮ್ಮ ಕರಾವಳಿಯಲ್ಲಿ ಇನ್ನೊಂದು ವಿಷಯ ಮುಖ್ಯ, ಮಳೆ. ಜೂನ್‌ನಲ್ಲಿ ಪಡುಬಿದ್ರಿ ಕಾಪು ಕಡೆ ಹೆದ್ದಾರಿಯಲ್ಲಿ ನೀರು ನಿಂತಾಗ ಅಗಲದ ಟಯರ್ ನೀರನ್ನು ಹೊರಗೆ ತಳ್ಳಲು ಹೆಚ್ಚು ಕಷ್ಟಪಡುತ್ತದೆ, ಬೇಗ ತೇಲುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲೂ ಒದ್ದೆ ರಸ್ತೆಗೆ ಬೇಕಾದದ್ದು ಟಯರಿನ ಮೈಮೇಲೆ ಒಳ್ಳೆ ಗೆರೆ, ಬರೀ ಅಗಲ ಅಲ್ಲ. ನನ್ನ ಪ್ರಕಾರ ಕಂಪನಿ ಕೊಟ್ಟ ಅಗಲಕ್ಕಿಂತ ಒಂದು ಹೆಜ್ಜೆ ಜಾಸ್ತಿ ಸಾಕು, ಉಳಿದ ದುಡ್ಡು ಒಳ್ಳೆ ರಬ್ಬರಿಗೆ ಹಾಕಿ. ಗೆರೆಯ ಆಳ 1.6 ಮಿ.ಮೀ.ಗೆ ಇಳಿಯುವ ತನಕ ಕಾಯಬೇಡಿ, ಮಳೆಗಾಲಕ್ಕೆ ಮೊದಲೇ 3 ಮಿ.ಮೀ. ಇದೆಯಾ ನೋಡಿ. ಟಯರಿನ ಬದಿಯಲ್ಲಿರುವ ತಯಾರಾದ ವಾರವನ್ನೂ ಓದಿ: 2324 ಅಂದರೆ 2024ರ 23ನೇ ವಾರ.

ಹಾಕಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಹಿಂದೆ ಇಬ್ಬರನ್ನು ಕೂರಿಸಿ ಹಂಪ್ ದಾಟಿಸಿ, ಉಜ್ಜುವ ಸದ್ದು ಬರುತ್ತದಾ ಕೇಳಿ. ಅಲೈನ್‌ಮೆಂಟ್ ಮಾಡಿಸಿ. ಸುಮಾರು 100 ಕಿ.ಮೀ. ಓಡಿದ ಮೇಲೆ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿ ನೋಡಿಸಿ.